ಬಾಸೆಲ್‌ನಾಗ ಮೂರು ದಿನ: ಸುಮಾರು ನಲವತ್ತು ಮ್ಯೂಸಿಯಂ, ಅಪ್ಪನ ಎರಡು ಮೊಣಕಾಲು

ಹಾನಗಲ್_ಎಕ್ಸ್‌ಪ್ರೆಸ್
ಮಾರ್ಚ್ 4, ರಾತ್ರಿ 10:40

ಎಲ್ಲಾರಿಗೂ ನಮಸ್ಕಾರ್ರಿ. ತಂಗಿ ಜರ್ಮನಿಯ ಫ್ರೈಬುರ್ಗ್‌ನಾಗ ಅದಾಳ. ಬಾಣಂತನಕ್ಕ ಅವ್ವ ಆಗಲೇ ಹೋಗ್ಯಾಳ. ಮೇ ತಿಂಗಳಾಗ ನಾನು ಅಪ್ಪನ್ನ ಕರಕೊಂಡು ಹೊಂಟೀನಿ. ಮೊಮ್ಮಗಳ ಮುಖ ನೋಡೋದು ಮುಖ್ಯ ಕೆಲಸ. ಅದರ ಬೆನ್ನಿಗೆ ಅಪ್ಪಂದು ಇನ್ನೊಂದು ಕೆಲಸ ಐತಿ.

ಅಪ್ಪ 31 ವರ್ಷ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ್. ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಎಷ್ಟು ಹುಡುಗರನ್ನ ಕುಂದ್ರಿಸ್ಯಾರೋ ಲೆಕ್ಕಿಲ್ಲ. ಅವರ ಟ್ರಂಕಿನಾಗ ಯಾವುದೋ ಪುಸ್ತಕದಿಂದ ಕತ್ತರಿಸಿಟ್ಟ ಒಂದು ಕಪ್ಪು ಬಿಳುಪು ಚಿತ್ರ ಐತಿ. ಟೊಪಗಿ ಹಾಕ್ಕೊಂಡ ಒಬ್ಬ ಮುದುಕ ಪಕ್ಕಕ್ಕ ತಿರುಗಿ ಬರಕೋತ ಕುಂತಾನ. ಕುಂತಾಂವ ಎರಾಸ್ಮಸ್ ಅಂತ ಐನೂರು ವರ್ಷದ ಹಿಂದಿನ ದೊಡ್ಡ ಪಂಡಿತ, ಬರದಾಂವ ಹೋಲ್ಬೈನ್ ಅನ್ನೋ ಚಿತ್ರಕಾರ. ಅದು ಸ್ವಿಟ್ಜರ್ಲ್ಯಾಂಡಿನ ಬಾಸೆಲ್‌ನಾಗ ಐತಿ, ಫ್ರೈಬುರ್ಗ್‌ನಿಂದ ರೈಲಿಗೆ ಮುಕ್ಕಾಲು ತಾಸು ಅಂತ ಗೊತ್ತಾದಾಗಿಂದ ಅಪ್ಪಗ ನಿದ್ದಿ ಇಲ್ಲ.

ಮೂರು ದಿನ ಐತಿ. ಆ ಊರಾಗ ಸುಮಾರು ನಲವತ್ತು ಮ್ಯೂಸಿಯಂ ಅದಾವಂತ. ಅಪ್ಪಗ 71. ಎರಡೂ ಮೊಣಕಾಲು ನೋವು. ಅರ್ಧಾ ತಾಸು ನಿಂತರ ಮುಖ ಸಣ್ಣದಾಗ್ತದ, ಆದ್ರ ಬಾಯಿಬಿಟ್ಟು ಹೇಳೂದಿಲ್ಲ. ಯಾವುದು ನೋಡ್ಲಿ, ಯಾವುದು ಬಿಡ್ಲಿ? ನನಗ ಚಿತ್ರದ ಗಂಧಗಾಳಿ ಇಲ್ಲ, ನಾ ಬರೇ ಬ್ಯಾಗ್ ಹೊರೋ ಮಂದಿ.


ಚಿಲ್ಲರೆ_ಲೆಕ್ಕ
ಮಾರ್ಚ್ 4, ರಾತ್ರಿ 11:15

ಮೂರು ರಾತ್ರಿ ಸ್ವಿಟ್ಜರ್ಲ್ಯಾಂಡಿನಲ್ಲಿ ಹೋಟೆಲ್ಲಾ? ನಾನಾಗಿದ್ದರೆ ತಂಗಿ ಮನೆಯಲ್ಲೇ ಉಂಡು ಮಲಗಿ, ಬೆಳಿಗ್ಗೆ ರೈಲು ಹತ್ತಿ ಸಂಜೆ ವಾಪಸ್ ಬರ್ತಿದ್ದೆ. ಅಲ್ಲಿ ಫ್ರಾಂಕ್ ನಡೆಯೋದು, ಯೂರೋ ಅಲ್ಲ. ಒಂದು ಫ್ರಾಂಕ್ ನೂರು ರೂಪಾಯಿ ಯಾವತ್ತೋ ದಾಟಿದೆ. ಕಾಫಿ ಕುಡಿಯುವಾಗ ಗುಣಾಕಾರ ಮಾಡಬೇಡಿ, ಕಹಿಯಾಗುತ್ತೆ.


ರೈನ್ದಂಡೆ_ಮೈಸೂರು
ಮಾರ್ಚ್ 5, ಬೆಳಿಗ್ಗೆ 6:50

ಹನ್ನೊಂದು ವರ್ಷದಿಂದ ಈ ಊರಲ್ಲೇ ಇದ್ದೀನಿ. ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಚಿಲ್ಲರೆ_ಲೆಕ್ಕ ಅವರೇ, ಇಲ್ಲಿ ಹೋಟೆಲಲ್ಲಿ ಒಂದು ರಾತ್ರಿ ಉಳಿದರೂ ಬಾಸೆಲ್‌ಕಾರ್ಡ್ ಅಂತ ಕೊಡ್ತಾರೆ. ಇರುವಷ್ಟು ದಿನ ಊರೊಳಗೆ ಟ್ರಾಮ್, ಬಸ್ ಪುಕ್ಕಟೆ. ಮ್ಯೂಸಿಯಂ ಟಿಕೆಟ್ ಅರ್ಧ. ಎಲ್ಲಕ್ಕಿಂತ ಹೆಚ್ಚಾಗಿ, 71ರ ಮೊಣಕಾಲಿಗೆ ಮಧ್ಯಾಹ್ನ ಎರಡು ಗಂಟೆ ಹಾಸಿಗೆ ಸಿಗುತ್ತೆ. ದಿನಾ ರೈಲು ಹತ್ತಿ ಇಳಿದರೆ ಅದು ಸಿಗಲ್ಲ. ದುಡ್ಡಿನ ಲೆಕ್ಕದಲ್ಲಿ ಈ ಸಾಲು ಎಲ್ಲೂ ಬರೋದೇ ಇಲ್ಲ ನೋಡಿ.

ಈಗ ಮಾಸ್ತರ್ ವಿಷಯ. ಹೋಲ್ಬೈನ್ ಮನೆತನದ ಚಿತ್ರಗಳು ಪ್ರಪಂಚದಲ್ಲೇ ಅತಿ ಹೆಚ್ಚು ಇರೋದು ಇಲ್ಲಿನ ಕುನ್ಸ್ಟ್‌ಮ್ಯೂಸಿಯಂನಲ್ಲಿ, ಅಂದ್ರೆ ಕಲಾ ಮ್ಯೂಸಿಯಂನಲ್ಲಿ. ಅವರು ಸರಿಯಾದ ಊರಿಗೇ ಬರ್ತಿದ್ದಾರೆ. ಒಂದು ಮಾತು ಮೊದಲೇ ಹೇಳಿಬಿಡಿ. ಎರಾಸ್ಮಸ್ ಬರೆಯುತ್ತ ಕೂತ ಚಿತ್ರ 1523ರದ್ದು, ಹೆಚ್ಚುಕಡಿಮೆ ಇದೇ ಥರದ್ದು ಪ್ಯಾರಿಸ್‌ನ ಲೂವ್ರ್‌ನಲ್ಲೂ ಇದೆ. ಬಾಸೆಲ್‌ನದ್ದು ಕಾಗದದ ಮೇಲೆ ಬರೆದು ಹಲಗೆಗೆ ಅಂಟಿಸಿದ್ದು. ಅವರ ಟ್ರಂಕಿನಲ್ಲಿ ಇರೋದು ಯಾವುದರ ಪಡಿಯಚ್ಚು ಅಂತ ಹಿನ್ನೆಲೆ ನೋಡಿದರೆ ಗೊತ್ತಾಗುತ್ತೆ.

ಈ ಊರಲ್ಲಿ ಇಷ್ಟೊಂದು ಚಿತ್ರ ಯಾಕೆ ಅಂತ ನಂಗೂ ಬಂದ ಹೊಸದರಲ್ಲಿ ಅರ್ಥ ಆಗಿರಲಿಲ್ಲ. ರಾಜ ಇಲ್ಲ, ಅರಮನೆ ಇಲ್ಲ. ಮೈಸೂರಿನವಳಿಗೆ ಅದೇ ಮೊದಲು ಕಣ್ಣಿಗೆ ಬಿದ್ದಿದ್ದು! ಆಮೇಲೆ ಗೊತ್ತಾಯ್ತು, ಎಲ್ಲದರ ತಳದಲ್ಲೂ ನೀರಿದೆ. ಸೇಂಟ್ ಆಲ್ಬನ್ ಕಣಿವೆ ಅಂತ ಒಂದು ಜಾಗ ಇದೆ, ಮ್ಯೂಸಿಯಂನಿಂದ ಇಳಿಜಾರಿನಲ್ಲಿ ಹತ್ತು ನಿಮಿಷ. ರೈನ್ ನದಿ ಸೇರೋ ಬಿರ್ಸ್ ಅನ್ನೋ ಹೊಳೆಯಿಂದ ಅಲ್ಲಿಗೆ ಒಂದು ಕಾಲುವೆ ತಂದರು. ಆ ನೀರಿಗೆ ಚಕ್ರ ಕೂರಿಸಿ ಕಾಗದದ ಗಿರಣಿ ನಡೆಸಿದರು. ಕಾಗದ ಇತ್ತು ಅಂತ ಅಚ್ಚಿನ ಮನೆಗಳು ಬಂದವು. ಅಚ್ಚಿನ ಮನೆ ಇತ್ತು ಅಂತ ಎರಾಸ್ಮಸ್ ಬಂದ. ಪುಸ್ತಕಕ್ಕೆ ಚಿತ್ರ ಬರೆಯೋಕೆ ಕೆಲಸ ಸಿಗುತ್ತೆ ಅಂತ 1515ರಲ್ಲಿ ಹೋಲ್ಬೈನ್ ಅನ್ನೋ ಹುಡುಗ ಆಗ್ಸ್‌ಬುರ್ಗ್‌ನಿಂದ ಬಂದ. ಆಮೆರ್ಬಾಖ್ ಅಂತ ಮುದ್ರಕರ ಮನೆತನ, ಆ ಮನೆಯ ಮೊಮ್ಮಗ ಇದನ್ನೆಲ್ಲ ಕೂಡಿಟ್ಟ. 1661ರಲ್ಲಿ ಆ ಸಂಗ್ರಹ ಆಮ್‌ಸ್ಟರ್‌ಡ್ಯಾಮ್‌ಗೆ ಮಾರಾಟವಾಗೋದರಲ್ಲಿತ್ತು. ಊರು, ವಿಶ್ವವಿದ್ಯಾಲಯ ಸೇರಿ 9,000 ರೈಖ್ಸ್‌ಟಾಲರ್ (ಆಗಿನ ಬೆಳ್ಳಿ ನಾಣ್ಯ) ಕೊಟ್ಟು ಕೊಂಡುಕೊಂಡವು. 1671ರಲ್ಲಿ ಜನರಿಗೆ ಬಾಗಿಲು ತೆರೆದರು. ಲೂವ್ರ್ ಮ್ಯೂಸಿಯಂ ಆಗೋದಕ್ಕೆ ಇನ್ನೂ ನೂರಿಪ್ಪತ್ತು ವರ್ಷ ಇತ್ತು.

ಆದ್ದರಿಂದ ನನ್ನ ಸಲಹೆ: ನಲವತ್ತನ್ನ ಮರೆತುಬಿಡಿ. ದಿನಕ್ಕೊಂದು. ಮೊದಲ ದಿನ ಕುನ್ಸ್ಟ್‌ಮ್ಯೂಸಿಯಂನ ಹಳೇ ಕಟ್ಟಡ, ಅದರಲ್ಲೂ ಹೋಲ್ಬೈನ್ ಇರೋ ಕೋಣೆಗಳು ಮಾತ್ರ. ಎದುರಿಗೆ 2016ರ ಹೊಸ ಕಟ್ಟಡ ಇದೆ, ನೆಲದಡಿ ದಾರಿ. ಆಸೆಗೆ ಬಿದ್ದು ಅದೇ ದಿನ ಅಲ್ಲಿಗೂ ಹೋಗಬೇಡಿ. ಎರಡನೇ ದಿನ ಆ ಕಣಿವೆಯ ಕಾಗದದ ಗಿರಣಿ. ಈಗ ಅದೇ ಮ್ಯೂಸಿಯಂ, ತೊಟ್ಟಿಯಲ್ಲಿ ಜಾಲರಿ ಅದ್ದಿ ನೀವೇ ಒಂದು ಹಾಳೆ ಎತ್ತಬಹುದು. ಡ್ರಾಯಿಂಗ್ ಮಾಸ್ತರಿಗೆ ಇದಕ್ಕಿಂತ ಇನ್ನೇನು ಬೇಕು? ಮೂರನೇ ದಿನ ಅವರ ಇಷ್ಟ.

ಸೋಮವಾರ ಮಾತ್ರ ಬೇಡ. ಬಹಳಷ್ಟು ಮ್ಯೂಸಿಯಂ ಬಾಗಿಲು ಹಾಕಿರ್ತವೆ. ತಿಂಗಳ ಮೊದಲ ಭಾನುವಾರ ಕುನ್ಸ್ಟ್‌ಮ್ಯೂಸಿಯಂನ ಸಂಗ್ರಹ ನೋಡೋಕೆ ದುಡ್ಡಿಲ್ಲ, ಆದರೆ ಜನ ಇರ್ತಾರೆ.


ಇದ್ದಿಲು_ಗೆರೆ
ಮಾರ್ಚ್ 5, ಬೆಳಿಗ್ಗೆ 9:30

ಮೂರನೇ ದಿನ ಬೈಯೆಲರ್ ಮ್ಯೂಸಿಯಂ! ಇದರಲ್ಲಿ ಚರ್ಚೆಯೇ ಇಲ್ಲ. ಊರಾಚೆ ರೀಹೆನ್ ಅನ್ನೋ ಕಡೆ, 6ನೇ ನಂಬರ್ ಟ್ರಾಮ್ ಮ್ಯೂಸಿಯಂ ಬಾಗಿಲಲ್ಲೇ ಇಳಿಸುತ್ತೆ. ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಕಟ್ಟಿದ್ದು, 1997. ಒಂದು ಗೋಡೆ ಪೂರ್ತಿ ಗಾಜು, ಆಚೆ ಕೊಳ, ಕೊಳದಲ್ಲಿ ನೈದಿಲೆ. ಒಳಗೆ ಫ್ರಾನ್ಸಿನ ಚಿತ್ರಕಾರ ಮೋನೆ ಬರೆದ ನೈದಿಲೆ ಕೊಳ, ಮೂರು ಫಲಕ ಸೇರಿ ಒಂಬತ್ತು ಮೀಟರ್ ಅಗಲ. ನಾನು ಕಾಲೇಜಿನವರ ಜೊತೆ ಹೋಗಿದ್ದೆ, ಎಲ್ಲರೂ ಮುಂದೆ ಹೋದರೂ ನಾನು ಕೂತಲ್ಲಿಂದ ಏಳಲಿಲ್ಲ. ಮೊಣಕಾಲಿಗೂ ಒಳ್ಳೇದು, ಹೆಚ್ಚುಕಡಿಮೆ ಎಲ್ಲ ಒಂದೇ ಮಟ್ಟದಲ್ಲಿದೆ, ಮೆಟ್ಟಿಲ ಕಾಟ ಇಲ್ಲ. ವರ್ಷಪೂರ್ತಿ ದಿನಾ ತೆರೆದಿರುತ್ತೆ, ಸೋಮವಾರವೂ.

ಒಂದು ಭಿನ್ನಾಭಿಪ್ರಾಯ. ಮೂರರಲ್ಲಿ ಎರಡು ದಿನ ಹದಿನಾರನೇ ಶತಮಾನಕ್ಕೇ ಯಾಕೆ? ಹೊಸ ಕಟ್ಟಡದಲ್ಲಿ ಅಮೆರಿಕದ ದೊಡ್ಡ ದೊಡ್ಡ ಕ್ಯಾನ್ವಾಸ್ ಇವೆ. ಡ್ರಾಯಿಂಗ್ ಮಾಸ್ತರ್ ಅಂದ ಮಾತ್ರಕ್ಕೆ ಬರೀ ನುಣ್ಣಗಿನ ಮುಖ ನೋಡಬೇಕಾ?


ಗಿರ್ಮಿಟ್_ಪ್ಲೇಟ್
ಮಾರ್ಚ್ 5, ಬೆಳಿಗ್ಗೆ 11:05

ತಂಗೀ ಇದ್ದಿಲು_ಗೆರೆ, 71 ವರ್ಷದ ಮನಷ್ಯಾ ಟ್ರಂಕಿನಾಗ ಒಂದ ಚಿತ್ರ ಇಟಗೊಂಡು ಕುಂತಾರ. ಅದನ್ನ ಮದಲ ತೋರ್ಸು, ಆಮ್ಯಾಲೆ ಅಮೆರಿಕಾ. ಊಟಕ್ಕ ಕುಂತವಗ ಐಸ್ಕ್ರೀಮ್ ಮದಲ ಬಡಸ್ತಿ ಏನು?

ಹಾನಗಲ್ ಅಣ್ಣಾರ, ನಾ ಹೋಗಿ ಬಂದು ನಾಕ ವರ್ಷಾತು. ಮ್ಯೂಸಿಯಂ ಎಲ್ಲಾ ಕಲಸಿ ಒಂದಾಗ್ಯಾವ ತಲ್ಯಾಗ. ನೆಪ್ಪ ಉಳದದ್ದು ದೋಣಿ. ಅದಕ್ಕ ಇಂಜಿನ್ ಇಲ್ಲ, ಹುಟ್ಟ ಇಲ್ಲ, ಹಾಯಿ ಇಲ್ಲ. ನದಿ ಮ್ಯಾಲೆ ಈ ದಂಡಿಯಿಂದ ಆ ದಂಡಿಗೆ ಉಕ್ಕಿನ ಹಗ್ಗ ಕಟ್ಯಾರ. ಆ ಹಗ್ಗಕ್ಕ ಒಂದ ಗಾಲಿ, ಗಾಲಿಗೆ ಇನ್ನೊಂದ ಹಗ್ಗ, ಅದರ ತುದೀಗೆ ದೋಣಿ. ಅಂಬಿಗ ಚುಕ್ಕಾಣಿ ಒಂದೀಟ ಓರೆ ಮಾಡ್ತಾನ, ಹರಿಯೋ ನೀರ ದೋಣೀನ್ನ ಅಡ್ಡ ನೂಕ್ತದ. ಸಪ್ಪಳ ಅಂದ್ರ ಕಟ್ಟಿಗೀಗೆ ನೀರ ಬಡಿಯೋದು ಅಷ್ಟ. ಅಂಥಾವು ನಾಕ ದೋಣಿ ಅದಾವ ಊರಾಗ. ನಾ ಒಂದರಾಗ ಮೂರು ಸಲ ಹೋಗಿ ಬಂದೆ, ಅಂಬಿಗ ನಗಾಕ ಹತ್ತಿದ್ದ.


ರೈನ್ದಂಡೆ_ಮೈಸೂರು
ಮಾರ್ಚ್ 5, ಮಧ್ಯಾಹ್ನ 1:20

ಗಿರ್ಮಿಟ್ ಅವರೇ, ನಿಮ್ಮ ದೋಣಿ ಕಥೆಯೂ ಚಿತ್ರಕ್ಕೇ ಬಂದು ಸೇರುತ್ತೆ ಗೊತ್ತಾ? ಮೊದಲ ದೋಣಿ ಬಿಟ್ಟಿದ್ದು 1854ರಲ್ಲಿ. ಬಿಟ್ಟವರು ಇಲ್ಲಿನ ಕಲಾವಿದರ ಸಂಘದವರು! ಆಗ ಊರಿಗೆ ಇದ್ದದ್ದು ಒಂದೇ ಸೇತುವೆ. ಜನ ದಾಟಲಿ, ಕಾಸು ಕೊಡಲಿ, ಆ ಕಾಸಲ್ಲಿ ಚಿತ್ರ ಪ್ರದರ್ಶನಕ್ಕೊಂದು ಮನೆ ಕಟ್ಟೋಣ ಅಂತ. ಹಾಗೇ ಕಟ್ಟಿದ್ದು ಕುನ್ಸ್ಟ್‌ಹಾಲೆ, 1872ರಲ್ಲಿ ಬಾಗಿಲು ತೆರೆಯಿತು, ಇವತ್ತಿಗೂ ನಡೀತಿದೆ. ಅದರ ಪಕ್ಕದಲ್ಲೇ ಟಿಂಗೆಲಿ ಅನ್ನೋ ಶಿಲ್ಪಿಯ ಕಾರಂಜಿ. 1977ರದ್ದು, ಹಳೇ ನಾಟಕಶಾಲೆ ಕೆಡವಿದಾಗ ಸಿಕ್ಕ ಯಂತ್ರದ ಚೂರುಪಾರು ಸೇರಿಸಿ ಮಾಡಿದ ಹತ್ತು ಆಕೃತಿ. ಒಂದು ಸುಮ್ಮನೆ ನೀರು ಮೊಗೆದು ಚೆಲ್ಲುತ್ತೆ, ಒಂದು ಜರಡಿ ಹಿಡಿದ ಹಾಗೆ ಆಡುತ್ತೆ. ಟಿಕೆಟ್ ಇಲ್ಲ, ಕಟ್ಟೆ ಮೇಲೆ ಕೂತ್ಕೊಂಡು ನೋಡೋದು.

ಸೇಂಟ್ ಆಲ್ಬನ್ ದೋಣಿ ಕಾಗದದ ಗಿರಣಿಗೆ ಹತ್ತಿರ. ಮುನ್ಸ್ಟರ್ ಅನ್ನೋ ಕೆಂಪುಕಲ್ಲಿನ ಚರ್ಚಿನ ಕೆಳಗಿನ ದೋಣಿಗೆ ಮೆಟ್ಟಿಲು ಜಾಸ್ತಿ. ಅಲ್ಲಿಗೆ ಹೋಗೋದಾದ್ರೆ ಆಚೆ ದಡದಿಂದ ಬರಬೇಡಿ. ಮೇಲಿಂದ ಇಳಿಯಿರಿ, ಹತ್ತಬೇಡಿ. ಎರಾಸ್ಮಸ್ ಸಮಾಧಿ ಆ ಚರ್ಚಿನೊಳಗೇ ಇದೆ, 1536.


ಕುಡ್ಲ_ಕೆಂಪುಹಂಚು
ಮಾರ್ಚ್ 5, ಸಂಜೆ 5:45

ಅಲ್ಲ ಮಾರಾಯ್ರೆ, ಬಾಸೆಲ್ ಅಂತ ಇಷ್ಟು ಬರೆದಿದ್ದೀರಿ, ಬಾಸೆಲ್ ಮಿಷನ್ ಅಂತ ಒಬ್ಬರ ಬಾಯಲ್ಲೂ ಬರ್ಲಿಲ್ಲವಲ್ಲ! ನಮ್ಮ ಅಜ್ಜನ ಮನೆ ಮಾಡಿನ ಹಂಚು ತಿರುಗಿಸಿದರೆ ಆ ಊರಿನ ಹೆಸರು ಉಂಟು. 1834ರಲ್ಲಿ ಅವರು ಮಂಗಳೂರಿಗೆ ಬಂದದ್ದು. 1841ರಲ್ಲಿ ಅಚ್ಚುಕೂಟ. 1843ರ ಜುಲೈ 1ಕ್ಕೆ ಮೋಗ್ಲಿಂಗ್ ಸಾಹೇಬರು ಮಂಗಳೂರ ಸಮಾಚಾರ ಹೊರಡಿಸಿದ್ದು, ಕನ್ನಡದ ಮೊದಲ ಪತ್ರಿಕೆ. ಅದು ಕಲ್ಲಚ್ಚಿನಲ್ಲಿ ಬಂದದ್ದು. ಅಂದ್ರೆ ಮೊಳೆ ಜೋಡಿಸಿದ್ದಲ್ಲ, ಕೈಬರಹವನ್ನೇ ಕಲ್ಲಿಗೆ ಇಳಿಸಿ ಒತ್ತಿದ್ದು. ಡ್ರಾಯಿಂಗ್ ಮಾಸ್ಟ್ರಿಗೆ ಹೇಳಿ, ಅವರಿಗೆ ಅದರ ಕಷ್ಟ ಗೊತ್ತಾದೀತು.

ಮಿಷನಿನ ಮನೆ ಈಗಲೂ ಉಂಟು. ಸ್ಪಾಲೆನ್ ಬಾಗಿಲು ಅಂತ ಹಳೇ ಕೋಟೆ ಬಾಗಿಲು, ಅದರ ಹೊರಗೆ ಮಿಷನ್ ರಸ್ತೆ, 21ನೇ ನಂಬರ್. ಕಿಟ್ಟೆಲ್ ಓದಿದ ಮನೆ ಅಂತ ಒಂದು ಫೋಟೋ ತೆಗೆದು ಹಾಕಿ.


ರೈನ್ದಂಡೆ_ಮೈಸೂರು
ಮಾರ್ಚ್ 5, ರಾತ್ರಿ 8:10

ಕುಡ್ಲದವರೇ, ಸಣ್ಣ ತಿದ್ದುಪಡಿ. ಕಿಟ್ಟೆಲ್ ಈ ಊರಲ್ಲಿ ಓದಿ 1853ರಲ್ಲಿ ಧಾರವಾಡಕ್ಕೆ ಹೋದರು. ಈಗ ಇರೋ ಕಟ್ಟಡ 1860ರದ್ದು. ಹಾಗಾಗಿ "ಕಿಟ್ಟೆಲ್ ಓದಿದ ಊರು" ಅನ್ನಿ, "ಓದಿದ ಮನೆ" ಬೇಡ. ಅಲ್ಲಿನ ದಫ್ತರದಲ್ಲಿ ಮಂಗಳೂರು, ಧಾರವಾಡದ ಹಳೇ ಫೋಟೋ, ಪತ್ರಗಳು ರಾಶಿ ಇವೆ. ಸುಮ್ಮನೆ ಹೋಗಿ ಬಾಗಿಲು ತಟ್ಟಿದರೆ ಆಗಲ್ಲ, ಮೊದಲೇ ಬರೆದು ಸಮಯ ಕೇಳಿಕೊಳ್ಳಬೇಕು.


ಕುಡ್ಲ_ಕೆಂಪುಹಂಚು
ಮಾರ್ಚ್ 5, ರಾತ್ರಿ 8:25

ಅಯ್ಯೋ, ನಾನು ಆ ಕಟ್ಟಡದ ಫೋಟೋಕ್ಕೆ ಹಾಗೇ ಹೆಸರು ಕೊಟ್ಟು ಹತ್ತು ಗ್ರೂಪಿಗೆ ಕಳಿಸಿಯಾಯ್ತಲ್ಲ.


ಚಿಲ್ಲರೆ_ಲೆಕ್ಕ
ಮಾರ್ಚ್ 6, ಬೆಳಿಗ್ಗೆ 8:00

ಚಿತ್ರ ಕೊಳ್ಳೋಕೆ ಊರಿನ ಬೊಕ್ಕಸದಿಂದ ಕೊಡೋದು ಅಂದ್ರೆ ನಂಗ್ಯಾಕೋ ಸರಿ ಬರಲ್ಲ. 1661ರಲ್ಲಿ ಆ 9,000ಕ್ಕೆ ಬೇರೆ ಏನೇನು ಮಾಡಬಹುದಿತ್ತೋ. ಶ್ರೀಮಂತರ ಹವ್ಯಾಸಕ್ಕೆ ಬಡವರ ತೆರಿಗೆ.


ಇದ್ದಿಲು_ಗೆರೆ
ಮಾರ್ಚ್ 6, ಬೆಳಿಗ್ಗೆ 9:15

ಸರ್, ನಿಮ್ಮ ಪ್ರಶ್ನೆಯನ್ನ ಆ ಊರಿನವರೇ 1967ರಲ್ಲಿ ಕೇಳಿಕೊಂಡಿದ್ದಾರೆ, ಅದೂ ಮತಪೆಟ್ಟಿಗೆ ಇಟ್ಟು.

ಒಂದು ಮನೆತನದವರು ಪಿಕಾಸೋನ ಎರಡು ಚಿತ್ರ ಮ್ಯೂಸಿಯಂಗೆ ಎರವಲು ಕೊಟ್ಟಿದ್ದರು. ಇಬ್ಬರು ಅಣ್ಣತಮ್ಮಂದಿರು ಅನ್ನೋದು ಒಂದು, ಕೂತ ವಿದೂಷಕ ಇನ್ನೊಂದು. ಆ ವರ್ಷ ಏಪ್ರಿಲ್‌ನಲ್ಲಿ ಸೈಪ್ರಸ್‌ನಲ್ಲಿ ಒಂದು ವಿಮಾನ ಬಿದ್ದು 126 ಜನ ಸತ್ತರು. ಆ ಕಂಪನಿಯಲ್ಲಿ ಮನೆಯ ಯಜಮಾನನ ಬಂಡವಾಳ ಇತ್ತು. ಕಂಪನಿ ಮುಳುಗಿತು, ಚಿತ್ರ ಮಾರಬೇಕಾಯ್ತು. ಬೆಲೆ 84 ಲಕ್ಷ ಫ್ರಾಂಕ್. 60 ಲಕ್ಷ ಸರ್ಕಾರ ಕೊಡೋದು, 24 ಲಕ್ಷ ಜನ ಕೂಡಿಸೋದು ಅಂತ ಆಯ್ತು. ನಿಮ್ಮ ಥರದವರು ಸಹಿ ಹಾಕಿಸಿ ಜನಮತಕ್ಕೆ ಎಳೆದರು. ಊರವರು ಬೀದಿಯಲ್ಲಿ "ಭಿಕ್ಷುಕರ ಹಬ್ಬ" ಮಾಡಿದರು. ಕಾಲೇಜು ಹುಡುಗರು ಬೂಟು ಒರೆಸಿ ಕಾಸು ಕೂಡಿಸಿದರು. ಡಿಸೆಂಬರ್ 17ಕ್ಕೆ ಮತದಾನ. ಬೇಕು ಅಂದವರು ಸುಮಾರು 32 ಸಾವಿರ, ಬೇಡ ಅಂದವರು ಸುಮಾರು 27 ಸಾವಿರ. ಇದನ್ನ ಕೇಳಿದ ಪಿಕಾಸೋ, ಇನ್ನೂ ನಾಲ್ಕು ಚಿತ್ರ ಪುಕ್ಕಟೆ ಕೊಟ್ಟ.


ರೈನ್ದಂಡೆ_ಮೈಸೂರು
ಮಾರ್ಚ್ 6, ಬೆಳಿಗ್ಗೆ 10:40

ಇನ್ನೊಂದು ಸೇರಿಸ್ತೀನಿ. ಈ ಪ್ರಾಂತ್ಯದಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದಿದ್ದೇ 1966ರಲ್ಲಿ, ಹಿಂದಿನ ವರ್ಷ. ಇಡೀ ದೇಶದಲ್ಲಿ ಬರೋಕೆ 1971 ಆಯ್ತು. ನಮ್ಮ ಅಜ್ಜಿ ಮೈಸೂರಲ್ಲಿ 1952ರಲ್ಲೇ ಓಟು ಹಾಕಿದ್ದರು ಅಂತ ನಾನು ಇಲ್ಲಿ ಆಫೀಸಿನಲ್ಲಿ ಆಗಾಗ ಹೇಳ್ತಿರ್ತೀನಿ.


ಚಿಲ್ಲರೆ_ಲೆಕ್ಕ
ಮಾರ್ಚ್ 6, ಬೆಳಿಗ್ಗೆ 11:30

ಸರಿ, ಆ 27 ಸಾವಿರದಲ್ಲಿ ನಾನೂ ಒಬ್ಬ ಅಂತ ಬರ್ಕೊಳ್ಳಿ. ನಾಲ್ಕು ಪುಕ್ಕಟೆ ಬಂದದ್ದು ಒಪ್ಪುವಂಥ ಲೆಕ್ಕ.


ಟೇಪ್‌ಮಾಪನ
ಮಾರ್ಚ್ 6, ರಾತ್ರಿ 9:50

ನನ್ನ ಎಡವಟ್ಟು ಹೇಳ್ತೀನಿ, ಯಾರಿಗಾದರೂ ಉಪಯೋಗ ಆಗಲಿ. ಬಾಸೆಲ್ ವಿಮಾನ ನಿಲ್ದಾಣ ಇರೋದು ಫ್ರಾನ್ಸ್ ನೆಲದಲ್ಲಿ. ಹೊರಗೆ ಬರೋಕೆ ಎರಡು ದಾರಿ: ಒಂದು ಸ್ವಿಸ್ ಕಡೆಗೆ, ಒಂದು ಫ್ರಾನ್ಸ್ ಕಡೆಗೆ. ನಾನು ಬೋರ್ಡ್ ನೋಡದೆ ಜನರ ಹಿಂದೆ ನಡೆದು ಫ್ರಾನ್ಸಿಗೆ ಇಳಿದೆ. ಮತ್ತೆ ಒಳಗೆ ಬಂದು ಸ್ವಿಸ್ ಕಡೆ ಹೋಗಿ 50ನೇ ನಂಬರ್ ಬಸ್ ಹಿಡಿದೆ. ಅದು ನೇರ ರೈಲು ನಿಲ್ದಾಣಕ್ಕೆ ಬಿಡುತ್ತೆ.

ಎರಡನೇದು ಫೋನು. ಯೂರೋಪಿನ ಸಿಮ್ ಅಂತ ಕೊಂಡಿದ್ದೆ. ಸ್ವಿಟ್ಜರ್ಲ್ಯಾಂಡ್ ಯೂರೋಪಿಯನ್ ಒಕ್ಕೂಟದಲ್ಲಿ ಇಲ್ಲ, ನನ್ನ ಪ್ಲಾನಿನಲ್ಲೂ ಇರಲಿಲ್ಲ. ಮೂರು ದೇಶ ಕೂಡೋ ಊರಾದ್ದರಿಂದ ಫೋನು ಗಳಿಗೆಗೊಮ್ಮೆ ಜರ್ಮನಿ, ಗಳಿಗೆಗೊಮ್ಮೆ ಫ್ರಾನ್ಸ್, ಮಧ್ಯೆ ಸ್ವಿಸ್ ಅಂತ ಕುಣೀತಿತ್ತು. ಬಿಲ್ಲು ನೋಡಿ ಹೆಂಡತಿಗೆ ಹೇಳಲಿಲ್ಲ. ನೀವು ಜರ್ಮನಿ ಸಿಮ್ ತಗೊಂಡು ಹೋಗೋದಾದ್ರೆ ಮೊದಲು ವಿಚಾರಿಸಿ. ಷೆಂಗೆನ್ ವೀಸಾ ಮಾತ್ರ ಮೂರೂ ದೇಶಕ್ಕೆ ಒಂದೇ ಸಾಕು. ಆದರೆ ಫ್ರೈಬುರ್ಗ್ ರೈಲಿನಲ್ಲಿ ಗಡಿ ಪೊಲೀಸರು ಹತ್ತಿದರೆ ತೋರಿಸೋಕೆ ಪಾಸ್‌ಪೋರ್ಟ್ ಜೇಬಲ್ಲಿರಲಿ.

ಆ ರೈಲು ಮೊದಲು ನಿಲ್ಲೋದು ಬಾಡಿಷರ್ ನಿಲ್ದಾಣದಲ್ಲಿ. ಇರೋದು ಸ್ವಿಸ್ ನೆಲದಲ್ಲಿ, ನಡೆಸೋದು ಜರ್ಮನಿ ರೈಲ್ವೆ. ಅಲ್ಲೇ ಇಳಿಬೇಕೋ ಮುಂದಿನದ್ದಕ್ಕೋ ಅಂತ ಹೋಟೆಲ್ ವಿಳಾಸ ನೋಡಿ ನಿರ್ಧರಿಸಿ.


ಹಾನಗಲ್_ಎಕ್ಸ್‌ಪ್ರೆಸ್
ಮಾರ್ಚ್ 7, ರಾತ್ರಿ 10:15

ಎಲ್ಲಾ ಓದಿ ಅಪ್ಪಗ ತೋರಿಸಿದೆ. ಟ್ರಂಕ್ ತೆಗದು ಚಿತ್ರ ನೋಡಿದ್ರು. ಹಿನ್ನೆಲೆ ಎಲ್ಲಾ ಕಪ್ಪಗ ಮಸಿ ಬಳದಂಗ ಆಗೇತಿ, ಯಾವುದಂತ ಗೊತ್ತಾಗವಲ್ದು. "ಹೋಗಿ ನೋಡಿದ್ರ ಗೊತ್ತಾಕ್ಕೇತಿ ಬಿಡು" ಅಂದ್ರು.

ಬೇಸಿಗ್ಯಾಗ ಅಲ್ಲಿ ಮಂದಿ ನದ್ಯಾಗ ತೇಲಿಕೋತ ಹೋಗ್ತಾರಂತ, ಖರೆ ಏನ್ರಿ? ಊಟದ್ದೂ ಒಂದೀಟು ಹೇಳ್ರಿ, ಅಪ್ಪ ಮೊಟ್ಟಿನೂ ತಿನ್ನೂದಿಲ್ಲ.


ರೈನ್ದಂಡೆ_ಮೈಸೂರು
ಮಾರ್ಚ್ 8, ಬೆಳಿಗ್ಗೆ 7:30

ನಿಜ. ಮೀನಿನ ಆಕಾರದ ನೀರು ಹೋಗದ ಚೀಲ ಸಿಗುತ್ತೆ. ಬಟ್ಟೆ, ಚಪ್ಪಲಿ ಅದರೊಳಗೆ ತುಂಬಿ ಬಾಯಿ ಏಳು ಸುತ್ತು ಸುತ್ತಿ, ಅದನ್ನೇ ತಬ್ಕೊಂಡು ನೀರಿಗಿಳಿಯೋದು. ಟಿಂಗೆಲಿ ಮ್ಯೂಸಿಯಂ ಹತ್ತಿರ ಇಳಿದು, ಬಲದಂಡೆ ಬಿಡದೆ ಕೆಳಗಿನ ಸೇತುವೆಗಳ ಕಡೆ ತೇಲ್ತಾರೆ. ಆಫೀಸು ಮುಗಿಸಿ ಹಾಗೇ ಮನೆಗೆ ಹೋಗೋರೂ ಇದ್ದಾರೆ. 1986ರ ನವೆಂಬರ್ 1ರಂದು ಮೇಲುಗಡೆ ಒಂದು ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ನಂದಿಸಿದ ನೀರೆಲ್ಲ ಹೊಳೆಗೆ ಹರಿದು ರೈನ್ ಕೆಂಪಾಗಿತ್ತು. ಮೀನು ರಾಶಿ ರಾಶಿ ಸತ್ತಿದ್ದವು. ಅದೇ ಹೊಳೆಯಲ್ಲಿ ಈಗ ಮಕ್ಕಳು ಈಜ್ತವೆ. ಆದರೆ ಮೇ ತಿಂಗಳಲ್ಲಿ ನೀರು ಕೊರೆಯುತ್ತೆ, ಸೆಳೆತವೂ ಹೆಚ್ಚು. ಚೆನ್ನಾಗಿ ಈಜು ಬರದವರು ಯಾವ ತಿಂಗಳಲ್ಲೂ ಇಳೀಬಾರದು. ದೊಡ್ಡ ಹಡಗುಗಳು ಓಡಾಡೋ ನದಿ ಇದು. ನೀವು ದಂಡೆ ಮೆಟ್ಟಿಲ ಮೇಲೆ ಕೂತ್ಕೊಂಡು ನೋಡಿ.

ಊಟಕ್ಕೆ ನಿಮ್ಮ ಅಮ್ಮನ ಕೈಯಿಂದ ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಬನ್ನಿ. ಸಂಕೋಚ ಬೇಡ, ದಂಡೆಯಲ್ಲಿ ಎಲ್ಲರೂ ಬುತ್ತಿ ಬಿಚ್ಚೋರೇ. ಮೊಸರು ಅಂಗಡಿಯಲ್ಲಿ ಸಿಗುತ್ತೆ. ನೀರಿನ ಬಾಟಲಿ ಕೊಳ್ಳಬೇಡಿ, ಬೀದಿಬೀದಿಯಲ್ಲಿ ಕಾರಂಜಿ ಇವೆ, ಕುಡಿಯೋ ನೀರೇ. ಭಾನುವಾರ ಅಂಗಡಿ ಮುಚ್ಚಿರ್ತವೆ, ರೈಲು ನಿಲ್ದಾಣದೊಳಗಿನವು ಬಿಟ್ಟು.


ನಿರ್ವಾಹಕ
ಮಾರ್ಚ್ 8, ಬೆಳಿಗ್ಗೆ 9:00

ಶೇಂಗಾ ಚಟ್ನಿಪುಡಿ ಬಗ್ಗೆ ಬಂದ ಹದಿನಾಲ್ಕು ಪ್ರತಿಕ್ರಿಯೆಗಳನ್ನು ಅಡುಗೆ ವಿಭಾಗಕ್ಕೆ ಸಾಗಿಸಲಾಗಿದೆ. ದಯವಿಟ್ಟು ಬಾಸೆಲ್ ಬಿಟ್ಟು ಹೋಗಬೇಡಿ.


ಹಾನಗಲ್_ಎಕ್ಸ್‌ಪ್ರೆಸ್
ಜೂನ್ 2, ರಾತ್ರಿ 11:20

ಹೋಗಿ ಬಂದಿವ್ರಿ. ಒಂದಷ್ಟು ಬರೀತೀನಿ, ಇಲ್ಲಾಂದ್ರ ಗಿರ್ಮಿಟ್ ಅಣ್ಣ ಬಿಡೂದಿಲ್ಲ.

ಮೊದಲನೇ ದಿನ ಕುನ್ಸ್ಟ್‌ಮ್ಯೂಸಿಯಂ. ಟಿಕೆಟ್ ಕೊಡೋ ಅಕ್ಕಗ ಮೊಣಕಾಲು ತೋರಿಸಿ ಕೈಸನ್ನಿ ಮಾಡಿದೆ, ಒಂದು ಮಡಚೋ ಸ್ಟೂಲ್ ಕೊಟ್ಲು. ಅಪ್ಪ "ನಾ ಏನು ಮುದುಕ ಏನು" ಅಂತ ಅದನ್ನ ನನ್ನ ಕೈಯಾಗ ಕೊಟ್ರು. ಎರಾಸ್ಮಸ್ ಮುಂದ ನಿಂತಾಗ ಮೊದಲ ಮಾತು, "ಇಷ್ಟ ಏನೋ?" ಖರೇನ ಸಣ್ಣದೈತಿ, ಹುಡುಗರ ಡ್ರಾಯಿಂಗ್ ಹಾಳಿಗಿಂತ ಒಂದೀಟು ಕಡಿಮಿ. ನಲವತ್ತು ವರ್ಷ ಟ್ರಂಕಿನಾಗ ಇಟಗೊಂಡು ಅದನ್ನ ಗೋಡೆಯಷ್ಟು ಮಾಡಿಕೊಂಡಿದ್ರು ಮನಸಿನ್ಯಾಗ. ಆಮ್ಯಾಲೆ ಸ್ಟೂಲ್ ಇಸಗೊಂಡ್ರು. ಕಣ್ಣು ಪೂರ್ತಿ ಕೆಳಗ, ಬರಿಯೋ ಹಾಳಿ ಮ್ಯಾಲೆ, ಬರೇ ರೆಪ್ಪಿ ಕಾಣ್ತದ. "ನಾವು ಬಂದದ್ದು ಅವಗ ಗೊತ್ತಿಲ್ಲ ನೋಡು" ಅಂದ್ರು. ಟ್ರಂಕಿನ ಚಿತ್ರ ಯಾವುದರದ್ದು ಅಂತ ಕೇಳಿದ್ರ ಅದರ ಮಾತ ಆಡ್ಲಿಲ್ಲ.

ಪಕ್ಕದಾಗ ಸತ್ತ ಕ್ರಿಸ್ತನ ಚಿತ್ರ. ಎರಡು ಮೀಟರ್ ಉದ್ದ, ಎತ್ತರ ಒಂದು ಮಳಾನೂ ಇಲ್ಲ, ಗೋರಿ ಒಳಗ ಇಣುಕಿದಂಗ. ಬಾಯಿ ತೆರದೈತಿ, ಕೈ ಹಸರುಗಟ್ಟೇತಿ, ನಡುಬೆರಳು ಬಟ್ಟಿ ಒತ್ತಿ ನಿಂತೈತಿ. ನನಗ ನೋಡಾಕ ಆಗ್ಲಿಲ್ಲ, ಹಿಂದ ಸರದೆ. ರಷ್ಯಾದ ಕಾದಂಬರಿಕಾರ ದೋಸ್ತೊಯೆವ್‌ಸ್ಕಿ 1867ರಾಗ ಇದನ್ನ ನೋಡಿದಾಗ ಅವನ ಹೆಂಡ್ತಿ, ಇವಗ ಮೂರ್ಛಿ ಬಂದೀತು ಅಂತ ಅಂಜಿ ಎಳಕೊಂಡು ಹೋಗಿದ್ಲಂತ. ಅಪ್ಪ ಮಾತ್ರ ಬಗ್ಗಿ ಬಗ್ಗಿ ಆ ಬೆರಳ ನೋಡಿದ್ರು. "ಹೆಣ ಕುಂದ್ರಿಸಿಕೊಂಡ ಬರದಾನ" ಅಂದ್ರು. ಆದ್ರೂ ಅವರು ಅಲ್ಲಿ ಬಾಳ ಹೊತ್ತು ನಿಲ್ಲಲಿಲ್ಲ.

ಬಾಳ ಹೊತ್ತು ಕುಂತದ್ದು ಯಾರೂ ಇಲ್ಲಿ ಹೇಳದ ಒಂದು ಚಿತ್ರದ ಮುಂದ. ಹೋಲ್ಬೈನ್ ತನ್ನ ಹೆಂಡ್ತಿ, ಎರಡು ಮಕ್ಕಳನ್ನ ಬರದದ್ದು, 1528ರ ಹೊತ್ತಿಂದು. ಇಂಗ್ಲೆಂಡಿನಾಗ ಎರಡು ವರ್ಷ ಇದ್ದು ತಿರುಗಿ ಬಂದಾಗಿಂದು. ನಾಕ ವರ್ಷಕ್ಕ ಮತ್ತ ಬಿಟ್ಟು ಹೋದ, ಲಂಡನ್‌ನಾಗ ತೀರಿಕೊಂಡ. ಕೂಸು ತೊಡಿ ಮ್ಯಾಲೆ, ಹುಡುಗ ಮ್ಯಾಲೆ ನೋಡಾಕ ಹತ್ತೇತಿ, ತಾಯಿ ಎತ್ತಲಾಗೂ ನೋಡವಲ್ಲಳು. ರೆಪ್ಪಿ ಕೆಂಪಗದಾವ. ಅಪ್ಪ ಕೈಬೆರಳಿಲೆ ಗಾಳ್ಯಾಗ ಗೆರಿ ಎಳದು ತೋರಿಸಿದ್ರು: ಕಾಗದದ ಮ್ಯಾಲೆ ಬರದದ್ದನ್ನ ಯಾರೋ ಮೂವರ ಮೈಗುಂಟ ಕತ್ತರಿ ಆಡಿಸಿ ಕತ್ತರಿಸ್ಯಾರ, ಆಮ್ಯಾಲೆ ಹಲಗಿಗೆ ಹಚ್ಯಾರ, ಹಿಂದ ಕಪ್ಪು. "ಅತ್ತಾಳ ಇಕಿ. ಕುಂದ್ರು ಅಂದದ್ದಕ್ಕ ಕುಂತಾಳ" ಅಂದ್ರು. ಅಷ್ಟಂದು ಚೀಲದಾಗಿಂದ ಪೆನ್ಸಿಲ್ ತೆಗದ್ರು. ಕಾವಲಿನಾಂವ ಬಂದ, ಬೈತಾನ ಅಂತ ಮಾಡಿದ್ದೆ. ಪೆನ್ಸಿಲ್ ನೋಡಿ, ತಲಿ ಅಲ್ಲಾಡಿಸಿ ಹೋದ. ಒಂದೂವರಿ ತಾಸು. ನಾ ಕೆಳಗ ಹೋಗಿ ಕಾಫಿ ಕುಡದು (ಗುಣಾಕಾರ ಮಾಡಿದೆ, ಕಹಿ ಆತು) ಬಂದ್ರೂ ಅಲ್ಲೇ.

ಎರಡನೇ ದಿನ ಕಾಗದದ ಗಿರಣಿ. ಅಲ್ಲಿ ಅಪ್ಪ ಮಾಸ್ತರ್ ಆಗಿಬಿಟ್ರು. ಜಾಲರಿ ಹೆಂಗ ಹಿಡಿಬೇಕು ಅಂತ ಒಂದು ಸ್ವಿಸ್ ಹುಡುಗಗ ಕನ್ನಡದಾಗ ಹೇಳಿಕೊಟ್ರು, ಅಂವಾ ಹಂಗ ಮಾಡಿದ. ದೋಣ್ಯಾಗ ಕುಂತು ಚಪಾತಿ ತಿಂದಿವಿ. ಕಲಾವಿದರು ದೋಣಿ ಬಿಟ್ಟ ಕಥಿ ಹೇಳಿದೆ. "ನಮ್ಮ ಸಾಲ್ಯಾಗ ಬಣ್ಣದ ಡಬ್ಬಿಗೆ ರೊಕ್ಕ ಕೇಳಿ ಕೇಳಿ ಸಾಕಾತು, ನಾ ವರದಾ ನದಿಗೆ ದೋಣಿ ಬಿಡಬೇಕಿತ್ತು" ಅಂದ್ರು.

ಮೂರನೇ ದಿನ ಬೈಯೆಲರ್‌ಗೆ ಹೋಗ್ಲಿಲ್ಲ. ಇದ್ದಿಲು_ಗೆರೆ ತಂಗಿ, ಸಿಟ್ಟಾಗಬ್ಯಾಡ. ಅಪ್ಪ ಮತ್ತ ಅದ ಚಿತ್ರದ ಮುಂದ ಹೋಗಿ ಕುಂತ್ರು. ಎರಡನೇ ಸಲ ಟಿಕೆಟ್ ತಗೊಂಡೆ.


ಇದ್ದಿಲು_ಗೆರೆ
ಜೂನ್ 3, ಬೆಳಿಗ್ಗೆ 7:05

ಸಿಟ್ಟಿಲ್ಲ ಅಣ್ಣ. ಹೊಟ್ಟೆಕಿಚ್ಚು. ಮಾಸ್ತರ್ ಬರೆದದ್ದನ್ನ ಇಲ್ಲಿ ಹಾಕಿ, ಎಲ್ಲರೂ ಕಾಯ್ತಿದ್ದೀವಿ.


ಚಿಲ್ಲರೆ_ಲೆಕ್ಕ
ಜೂನ್ 3, ಬೆಳಿಗ್ಗೆ 7:40

ಒಂದೇ ಚಿತ್ರಕ್ಕೆ ಎರಡು ಸಲ ಟಿಕೆಟ್. ಕಾರ್ಡ್ ತೋರಿಸಿ ಅರ್ಧ ಬೆಲೆಗೆ ತಗೊಂಡ್ರಿ ತಾನೇ?


ಹಾನಗಲ್_ಎಕ್ಸ್‌ಪ್ರೆಸ್
ಜೂನ್ 3, ರಾತ್ರಿ 9:30

ಅರ್ಧ ಬೆಲಿಗೇ ತಗೊಂಡೀನ್ರಿ. ಚಿತ್ರ ಕೇಳಿದೆ, ಅಪ್ಪ ಕೊಡವಲ್ರು. ರೆಪ್ಪಿ ಇನ್ನೂ ಕೂಡಿ ಬಂದಿಲ್ಲಂತ. ಆ ಗಿರಣ್ಯಾಗ ತಾವೇ ಎತ್ತಿದ ಹಾಳಿ ಮ್ಯಾಲೆ ತಿರುಗಿ ಬರಿಯಾಕ ಹತ್ಯಾರ. ಹಾಳಿ ಒಂದೇ ಐತಿ, ಅದಕ್ಕ ರಬ್ಬರ್ ಮುಟ್ಟಬ್ಯಾಡ ಅಂತ ಮೊಮ್ಮಗಳ ಫೋಟೋ ಪಕ್ಕದಾಗ ಎತ್ತರಕ್ಕ ಇಟ್ಟಾರ.